ಬಹುಮಾನ ತಂದ ಒಂದು ಸಾಲು

ಚೆಲುವರಾಜು ಮಾಡಿದ ತಪ್ಪು ಇಷ್ಟೇ: ತನ್ನ ಮೈಕ್‌ಸೆಟ್ಟನ್ನು ತಾನೇ ಬೈದು ಬರೆದದ್ದು.

ಸರಗೂರಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಈ ಹುಡುಗನಿಗೆ ಶಾಸ್ತ್ರೀಯ ಸಂಗೀತದ ಹುಚ್ಚು. ರಾಮೋತ್ಸವಕ್ಕೆ ಹುಣಸೂರಿನ ಸಂಗೀತ ಸಭೆ ಏರ್ಪಡಿಸಿದ್ದ ಕಚೇರಿಗೆ ಶಾಮಿಯಾನದವರ ಮೂಲಕ ಅವನೇ ಮೈಕು ಹಾಕಿದ್ದ. ಸಭೆಯವರು ಯುವ ವಿಮರ್ಶಕ ಪ್ರಶಸ್ತಿಗೆ ಅದೇ ಕಚೇರಿಯ ವಿಮರ್ಶೆ ಆಹ್ವಾನಿಸಿದಾಗ ಉತ್ಸಾಹದಿಂದ ಬರೆದ. ಓದಿ ನೋಡಿದರೆ ಬರೀ ಹೊಗಳಿಕೆ! ಒಂದಾದರೂ ತಪ್ಪು ಹಿಡಿಯದಿದ್ದರೆ ಅದೆಂಥ ವಿಮರ್ಶೆ? ವಿದ್ವಾಂಸರನ್ನು ಟೀಕಿಸಲು ಧೈರ್ಯ ಸಾಲದು. ಕೊನೆಗೆ ಹೇಳುವವರು ಕೇಳುವವರು ಇಲ್ಲದ ಮೈಕಿನ ಮೇಲೆ ಹರಿಹಾಯ್ದ: ‘ತೋಡಿ ರಾಗದ ನಡುವೆ ಮೈಕು ಒಲೆಯ ಹಸಿ ಸೌದೆಯಂತೆ ಸುಂಯ್‌ಗುಟ್ಟಿ ಕಚೇರಿಯನ್ನೇ ಕೆಡಿಸಿತು.’

ಪ್ರಶಸ್ತಿ ಬಂದೇಬಿಟ್ಟಿತು! ಸಮಾರಂಭಕ್ಕೂ ತನ್ನದೇ ಮೈಕು ಎಂದು ತಿಳಿದು ಚೆಲುವರಾಜು ಇನ್ನಷ್ಟು ಕುಣಿದಾಡಿದ. ಆದರೆ ಆ ದಿನ ಬೆಳಗ್ಗೆ ನೆರೆಮನೆಯ ನಂಜಣ್ಣ ಗೂಡ್ಸ್ ಆಟೋ ತಂದು ನಿಲ್ಲಿಸಿದ. ಒಳಗೆ ಅರ್ಧ ಬೀದಿಯೇ ಕೂತಿತ್ತು.

“ನಮ್ ಉಡ್ಗನ್ಗೆ ಪ್ರಶಸ್ತಿ ಕೊಡುವಾಗ ನಾವ್ ಬರ್ದೆ ಇರಕ್ಕಾಯ್ತದಾ? ಆಟೋ ಅತ್ಲಾ!”

“ಅಷ್ಟ್ ದೂರ ನಿಮಗ್ಯಾಕಣ್ಣ ತೊಂದ್ರೆ?”

“ತೊಂದ್ರೆ ಏನ್ ಬಂತು? ಮುಂದಿನ್ ವಾರ ನನ್ ಮಗಳ್ ಮದ್ವೆಗೆ ನಿಂದೇ ಮೈಕ್ ಅಲ್ವೇನ್ಲಾ?”

ಚೆಲುವರಾಜುವಿಗೆ ಆಗ ನೆನಪಾಯಿತು: ಗೆದ್ದ ವಿಮರ್ಶೆಯನ್ನು ವೇದಿಕೆಯಲ್ಲಿ ಓದುವುದು ಆ ಸಭೆಯ ಪದ್ಧತಿ. ಆ ಸಾಲು ನಂಜಣ್ಣನ ಕಿವಿಗೆ ಬಿದ್ದರೆ ಮದುವೆಯ ಬಾಡಿಗೆಯೂ ಹೋಯಿತು, ಊರಿನ ನಂಬಿಕೆಯೂ ಹೋಯಿತು.

ಹುಣಸೂರು ಮುಟ್ಟಿದ್ದೇ ತಡ, ಮೈಕ್ ನೋಡಿಕೊಳ್ಳುತ್ತಿದ್ದ ಗೆಳೆಯ ಮಲ್ಲೇಶನನ್ನು ಮೂಲೆಗೆ ಎಳೆದ.

“ನಾನ್ ಕೆಮ್ತೀನಿ ಕಣ್ಲಾ. ತಕ್ಷಣ ವೈರ್ ಕಿತ್ತಾಕ್ಬುಡು. ಇಂದ್ಗಡೆ ಕುಂತಿರೋ ನಮ್ಮೋರ್ಗೆ ಒಂದಕ್ಷರನೂ ಕೇಳಿಸ್ಬಾರ್ದು.”

ವೇದಿಕೆಯಲ್ಲಿ ಶಾಲು ಹೊದಿಸಿ ಹಾಕಿದ ಹಾರದ ಘಾಟು ಪರಿಮಳ ಮೂಗಿಗೆ ಹತ್ತಿ ಚೆಲುವರಾಜು ಮೊದಲೇ ಕೆಮ್ಮಿದ. ಸಭೆಯ ಅಧ್ಯಕ್ಷರು ಅವನನ್ನು ಹಾಡಿ ಹೊಗಳುತ್ತಿದ್ದಾಗಲೇ ಮೈಕು ಸತ್ತಿತು. ಸನ್ನೆ ಮಾಡಿ ಮತ್ತೆ ಹಾಕಿಸಿದ. ಅಧ್ಯಕ್ಷರು ವಿಮರ್ಶೆ ಓದತೊಡಗಿದರು. “ತೋಡಿ ರಾಗದ ನಡುವೆ...” ಎನ್ನುತ್ತಿದ್ದಂತೆ ಮತ್ತೆ ಕೆಮ್ಮಿದ. ಮೈಕು ಮತ್ತೆ ಸತ್ತಿತು. ಉಳಿದದ್ದು ಮುಂದಿನ ಸಾಲಿನವರಿಗಷ್ಟೇ ಕೇಳಿಸಿತು. ಅಬ್ಬಾ, ಗೆದ್ದೆ ಎಂದುಕೊಂಡ.

ಓದಿ ಮುಗಿಸಿದ ಅಧ್ಯಕ್ಷರು ಸಿಟ್ಟಿನಿಂದ ಸಭಾಂಗಣ ನಡುಗುವಂತೆ ಕೂಗಿದರು: “ಯಾರದ್ರೀ ಈ ಮೈಕು?”

ಹಿಂದೆ ಕೂತಿದ್ದವರಿಗೆ ಕೇಳಿಸಿದ್ದು ಇಷ್ಟೇ. ಮೈಕಿಗೂ ಸನ್ಮಾನ ಇರಬೇಕೆಂದು ನಂಜಣ್ಣ ಬೆಂಚು ಹತ್ತಿ ನಿಂತ.

“ನಮ್ ಚೆಲುವರಾಜುಂದೇ ಸಾ! ಅಲ್ ಶಾಲ್ ಒದ್ಕಂಡ್ ಕುಂತವ್ನಲ್ಲ, ಅವ್ನೇ!”

ಕಚೇರಿಗೂ ಇದೇ ಮೈಕು ಬಂದಿತ್ತೆಂದು ಗೊತ್ತಿದ್ದ ಅಧ್ಯಕ್ಷರು ಒಂದು ಕ್ಷಣ ಬೆರಗಾಗಿ, ಓಡಿಬಂದು ಚೆಲುವರಾಜುವನ್ನು ತಬ್ಬಿಕೊಂಡರು. “ತನ್ನ ಮೈಕು ಕಚೇರಿ ಕೆಡಿಸಿತೆಂದು ತಾನೇ ಬರೆದಿದ್ದಾನೆ! ಇವನಲ್ಲವೇ ನಿಜವಾದ ವಿಮರ್ಶಕ!” ಎಂದು ಎಲ್ಲರಿಗೂ ಕೇಳುವಂತೆ ಗರ್ಜಿಸಿದರು. ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ನಂಜಣ್ಣ ಪ್ರೀತಿಯಿಂದ ಅವನ ಬೆನ್ನು ತಟ್ಟಿದ.

“ನೀನ್ ಬರ್ದಿರೋದು ನಿಜ ಅಂತ ದೊಡ್ಡೋರೇ ಯೋಳವ್ರೆ ಕಣ್ಲಾ. ಅದ್ಕೇ ಮದ್ವೆಗೆ ಎಚ್.ಡಿ. ಕೋಟೆಯಿಂದ ಬ್ಯಾರೆ ಮೈಕ್ ಯೋಳ್ಬುಟ್ಟೆ. ನೀನ್ ಸುಮ್ನೆ ಮುಂದ್ಗಡೆ ಕುಂತ್ಕಂಡು ವಾಲಗ ಎಂಗೈತೆ ಅಂತ ಯೋಳು.”