ಮುಗಿಯದ ಪಗಡೆಯನ್ನು ಜಪ್ತಿ ಮಾಡಿದ ಆಮೀನ್ ಸಾಹೇಬರಿಗೆ

ಹುಣಸೆಮರದ ಪೊಲೀಸ್ ಚೌಕಿಯ ಆಮೀನ್ ಸಾಹೇಬರ ಸನ್ನಿಧಿಗೆ, ಮಖ್ತಲ್ ಪೇಟೆಯ ಸೇಂಗಾ ವ್ಯಾಪಾರಿ ಆದೆಪ್ಪನು ಫಸಲಿ ೧೩೪೭ನೇ ಸನ್ನಿನ ದಸರೆ ಬರುವ ಆಜೂರ್ ತಿಂಗಳಲ್ಲಿ, ತನ್ನ ಮನೆಯ ಹೊಸ್ತಿಲಿನ ಒಳಗೇ ಕುಳಿತು ಬರೆದುಕೊಂಡ ಬಹಿರಂಗ ಪತ್ರ.

ಮಾನ್ಯರೇ,

ತಮ್ಮ ನಡುಪಟ್ಟಿಯ ಹಿತ್ತಾಳೆ ಬಿಲ್ಲೆ ಸದಾ ಥಳಥಳಿಸುತ್ತಿರಲಿ, ತಮ್ಮ ಕುದುರೆಗೆ ಹುರುಳಿ ಯಾವತ್ತೂ ಕಡಿಮೆಯಾಗದಿರಲಿ ಎಂದು ಮೊದಲಿಗೆ ಹಾರೈಸುತ್ತೇನೆ. ತಮಗೆ ಕನ್ನಡ ಓದಲು ಬಾರದೆಂಬುದನ್ನು ಬಲ್ಲೆ. ಆದರೆ ಉರ್ದುವಿನಲ್ಲಿ ಬರೆಸಿ ಕಳಿಸಿದ ನನ್ನ ಮೂರು ದರಖಾಸ್ತುಗಳಿಗೂ ತಾವು "ವಿಚಾರದಲ್ಲಿದೆ" ಎಂಬ ಒಂದೇ ಉತ್ತರ ದಯಪಾಲಿಸಿದ್ದರಿಂದ, ತಿಳಿಯುವ ಭಾಷೆಯಲ್ಲಿ ಬರೆದರೂ ತಿಳಿಯದ ಭಾಷೆಯಲ್ಲಿ ಬರೆದರೂ ಫಲ ಒಂದೇ ಎಂದು ಕಂಡುಕೊಂಡು, ಈ ನಾಲ್ಕನೆಯದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ನನ್ನ ಅಂಗಡಿಯ ಗೋಡೆಗೆ ಅಂಟಿಸಲಾಗುವುದು. ಇನ್ನೊಂದನ್ನು ತಮ್ಮ ಜವಾನ ಸಾಯಣ್ಣ ತಮಗೆ ಓದಿ ಹೇಳುತ್ತಾನೆ. ಹೊಗಳಿಕೆ ಬಂದಲ್ಲಿ ಗಟ್ಟಿಯಾಗಿಯೂ ಉಳಿದಲ್ಲಿ ಮೆಲ್ಲಗೂ ಓದಬೇಕೆಂದು ಅವನಲ್ಲಿ ನನ್ನ ವಿನಂತಿ.

ನಾನೇ ಬಂದು ಕೈಮುಗಿದು ಹೇಳಿಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರಲಾರೆ, ಸ್ವಾಮಿ. ತಾವು ನಮ್ಮ ಮನೆಗೆ ಪಾದ ಬೆಳೆಸಿದ ನಾಗರಪಂಚಮಿಯ ದಿನದಿಂದ ಇವತ್ತಿನವರೆಗೆ ಎರಡೂವರೆ ತಿಂಗಳು ನಾನು ಹೊಸ್ತಿಲು ದಾಟಿಲ್ಲ. ದಸರೆಗೆ ಬನ್ನಿ ಕೊಡಲು ಕೂಡ ಹೊರಗೆ ಹೋಗಲಿಲ್ಲ; ನನಗಿಂತ ಹಿರಿಯರೇ ಬಂದು ನನ್ನ ಕೈಗೆ ಬನ್ನಿ ಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು. ವ್ಯಾಪಾರವನ್ನು ಪಡಸಾಲೆಯಲ್ಲಿ ಕುಳಿತೇ ನಡೆಸುತ್ತಿದ್ದೇನೆ. ಇದಕ್ಕೆ ಕಾರಣ ನಮ್ಮ ಮನೆಯ ಪದ್ಧತಿ.

ನಮ್ಮ ತಂದೆ ಪಗಡೆಯ ಹುಚ್ಚಿನವರು. ಸೋಲುವವರು ನಡುವೆ ಸಿಟ್ಟಿನಿಂದ ಎದ್ದು ಹೋಗುವುದನ್ನು ಕಂಡು ಕಂಡು ಬೇಸತ್ತು, ಅವರು ಎರಡು ಕಟ್ಟಳೆ ಮಾಡಿದರು. ಹಾಸಿದ ಪಗಡೆ ಮುಗಿಯುವ ತನಕ ಆಡುವವರು ಹೊಸ್ತಿಲು ದಾಟಬಾರದು, ಇದು ಒಂದು. ಯಾವ ಹಾಸು, ಯಾವ ಕವಡೆಯಿಂದ ಆಟ ಶುರುವಾಯಿತೋ ಅವುಗಳಿಂದಲೇ ಮುಗಿಯಬೇಕು, ಇದು ಎರಡನೆಯದು. ಊರಲ್ಲಿ ಕೆಲವರು ಆರು ಕವಡೆಯಲ್ಲಿ ಆಡುತ್ತಾರೆ, ನಮ್ಮಲ್ಲಿ ಏಳು. ತಂದೆ ತೀರಿಕೊಂಡು ಇಪ್ಪತ್ತು ವರ್ಷವಾದರೂ ಈ ಕಟ್ಟಳೆ ಮುರಿಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ. ಸರ್ಕಾರದ ಕಾಯಿದೆಗಳಿಗೂ ಇಂಥ ಭಾಗ್ಯ ಬರಲಿ ಎಂದು ಹಾರೈಸುತ್ತೇನೆ.

ಈಗ ಪಂಚಮಿಯ ದಿನದ ಸಂಗತಿ. ಅಂದು ನನ್ನ ಎದುರಿಗೆ ಕವಡೆ ಹಿಡಿದು ಕುಳಿತಿದ್ದವಳು ಗಟ್ಟು ಗ್ರಾಮಕ್ಕೆ ಕೊಟ್ಟ ನನ್ನ ಒಡಹುಟ್ಟಿದ ತಂಗಿ ಅಮರಮ್ಮ. ತಾವು ಪಂಚನಾಮೆಯಲ್ಲಿ "ಜೂಜಿನಲ್ಲಿ ನುರಿತಂತೆ ಕಾಣುವ ವಯಸ್ಸಾದ ಹೆಂಗಸು" ಎಂದು ಬರೆಸಿದ್ದು ಅವಳನ್ನೇ. ಅವಳು ಹನ್ನೊಂದು ವರ್ಷ ನಮ್ಮ ಮನೆಗೆ ಬಂದಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಇಂಥದೇ ಪಂಚಮಿಯಲ್ಲಿ, ಇದೇ ಹಾಸಿನ ಮೇಲೆ ಅವಳು ನನ್ನನ್ನು ಸೋಲಿಸಿದಾಗ, "ನೀ ಬೆರಳಿಲೆ ಕವಡಿ ತಿರುವಿದಿ" ಅಂದೆ. ಅವಳು ಜಗಳಾಡಲಿಲ್ಲ, ಅಳಲಿಲ್ಲ. "ಹಂಗಂದ್ರ ಈ ಮನ್ಯಾಗ ನಾ ಇನ್ನ ಕವಡಿ ಮುಟ್ಟೂದಿಲ್ಲಣ್ಣ" ಎಂದಷ್ಟೇ ಹೇಳಿ ಬಂಡಿ ಹತ್ತಿದಳು. ಆಮೇಲೆ ಪ್ರತಿ ಪಂಚಮಿಗೂ ಒಂದು ನಾರಾಯಣಪೇಟೆ ಸೀರೆ, ಒಂದು ಡಬ್ಬಿ ಉಂಡಿ ಕಳಿಸುತ್ತಿದ್ದೆ. ಉಂಡಿ ಅಲ್ಲೇ ಉಳಿಯುತ್ತಿತ್ತು, ಸೀರೆ ಮಡಿಕೆ ಬಿಚ್ಚದೆ ಹಿಂದಿರುಗುತ್ತಿತ್ತು. ಈ ವರ್ಷ ಸೀರೆ ಹಿಂದಿರುಗಲಿಲ್ಲ. ಅದನ್ನು ಉಟ್ಟುಕೊಂಡು ಅವಳೇ ಬಂದಳು.

ಬಂದವಳು ನನ್ನೊಡನೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ನನ್ನ ಹೆಂಡತಿ ಮಹಾಂತಮ್ಮ ನಮ್ಮಿಬ್ಬರ ಮುಖ ನೋಡಿ ನೋಡಿ ಸಾಕಾಗಿ, ಪಗಡೆ ಹಾಸನ್ನು ತಂದು ನಡುವೆ ಹಾಸಿ ಒಳಗೆ ಹೋದಳು. ಆ ಹಾಸು ನಮ್ಮ ತಾಯಿ ಹಳೆಯ ಸೀರೆಯ ಅಂಚುಗಳನ್ನು ಜೋಡಿಸಿ ಹೊಲಿದದ್ದು. ಮಾತಿಲ್ಲದೆ ಆಡಿದೆವು. ಅಮರಮ್ಮನ ಮೂರು ಕೆಂಪು ಕಾಯಿಗಳು ಮನೆ ಸೇರಿ ಹಣ್ಣಾಗಿದ್ದವು, ನಾಲ್ಕನೆಯದು ಹಣ್ಣಾಗಲು ಒಂದು ಒಳ್ಳೆಯ ಗರ ಬೀಳಬೇಕಿತ್ತು. ಆಟ ಮುಗಿದ ಕೂಡಲೇ ಹೇಳಬೇಕೆಂದು ನಾನು ಒಂದು ಮಾತನ್ನು ಗಂಟಲಲ್ಲಿ ಸಿದ್ಧಮಾಡಿಟ್ಟುಕೊಂಡಿದ್ದೆ. ಅವಳು ಕವಡೆ ಎಸೆದಳು. ಅವು ಇನ್ನೂ ಉರುಳುತ್ತಿರುವಾಗಲೇ ತಮ್ಮ ಬೂಟು ಹಾಸಿನ ಮೇಲೆ ಬಂದು ನಿಂತಿತು.

ತಮ್ಮ ಚುರುಕುತನವನ್ನು ಎಷ್ಟು ಹೊಗಳಿದರೂ ಕಡಿಮೆ. ಹೋದ ವರ್ಷ ಕಳ್ಳರು ನಮ್ಮ ಹಿತ್ತಿಲಿನಿಂದ ಎಮ್ಮೆಯನ್ನು ಕದ್ದೊಯ್ದಾಗ, ಚೌಕಿಯಿಂದ ನಮ್ಮ ಮನೆಗೆ ಎರಡು ಓಣಿ ದಾಟಿ ಬರಲು ತಮಗೆ ಹತ್ತೊಂಬತ್ತು ದಿನ ಹಿಡಿದಿತ್ತು. ಅಷ್ಟರಲ್ಲಿ ಎಮ್ಮೆ ಕೃಷ್ಣೆ ದಾಟಿ ಯಾರದೋ ಮನೆಯಲ್ಲಿ ಕರು ಹಾಕಿತ್ತು. ಆದರೆ ಏಳು ಕವಡೆಗಳ ಸದ್ದಿಗೆ ತಾವು ಮೂವರು ಜವಾನರೊಂದಿಗೆ ಓಡೋಡಿ ಬಂದಿರಿ. ಹಬ್ಬದ ದಿನಗಳಲ್ಲಿ ಜೂಜು ಹಿಡಿಯಬೇಕೆಂದು ಮೇಲಿನಿಂದ ಹುಕುಂ ಬಂದಿತ್ತಂತೆ, ಪೇಟೆಯ ನಿಜವಾದ ಜೂಜಿನ ಅಡ್ಡೆಗಳೆಲ್ಲ ತಮಗೆ ಪರಿಚಯದವರವಂತೆ. ಪರಿಚಯದವರ ಮನೆಗೆ ಹೇಳದೆ ಕೇಳದೆ ನುಗ್ಗುವ ಒರಟುತನ ತಮ್ಮಲ್ಲಿಲ್ಲ ಎಂಬುದನ್ನು ಇಡೀ ಪೇಟೆ ಮೆಚ್ಚಿಕೊಂಡಿದೆ.

ಪಂದ್ಯಕ್ಕೆ ಏನಿಟ್ಟಿದ್ದೀರಿ ಎಂದು ತಾವು ಕೇಳಿದಿರಿ. ಪಕ್ಕದಲ್ಲಿ ಹಿತ್ತಾಳೆ ತಟ್ಟೆಯಲ್ಲಿ ಹದಿನಾಲ್ಕು ಸೇಂಗಾ ಉಂಡಿಗಳಿದ್ದವು, ಹಬ್ಬದ ಉಂಡಿ. ತಾವು ಅವನ್ನೇ ಪಂದ್ಯದ ಮಾಲೆಂದು ಬರೆಸಿ, ಬಟ್ಟೆಯಲ್ಲಿ ಕಟ್ಟಿಸಿ, ಗಂಟಿಗೆ ಅರಗಿನ ಮುದ್ರೆ ಒತ್ತಿಸಿದಿರಿ. ಎಂಟು ದಿನದ ನಂತರ ವಿಚಾರಣೆಯ ಪೇಷಿಗೆ, ಹೊಸ್ತಿಲಿನ ಕಾರಣ ನಾನು ಬರಲಾಗದೆ ವಕೀಲರನ್ನು ಕಳಿಸಿದಾಗ, ಮುದ್ರೆ ಹಾಗೇ ಇತ್ತಂತೆ, ಒಳಗೆ ಉಂಡಿ ಮಾತ್ರ ಇರಲಿಲ್ಲವಂತೆ. ಇರುವೆಗಳು ತಿಂದವು ಎಂದು ಮಿಸಲಿನ ಕಾಗದದಲ್ಲಿ ಬರೆಯಲಾಗಿದೆ. ಗಂಟು ಬಿಚ್ಚದೆ, ಮುದ್ರೆ ಒಡೆಯದೆ, ಹದಿನಾಲ್ಕು ಉಂಡಿ ತಿಂದು ಪುಡಿಯನ್ನೂ ಉಳಿಸದ ಆ ಇರುವೆಗಳನ್ನು ದಯವಿಟ್ಟು ಪೊಲೀಸಿಗೆ ಭರ್ತಿ ಮಾಡಿಕೊಳ್ಳಬೇಕು. ಮಹಾಂತಮ್ಮ ಮಾತ್ರ ಒಂದೇ ಒಂದು ವಿಷಯ ತಿಳಿಯಬೇಕೆನ್ನುತ್ತಾಳೆ, ಬೆಲ್ಲ ಸರಿಯಾಗಿತ್ತೇ ಎಂದು.

ಉಂಡಿ ಹೋಗಲಿ. ಪಂಚನಾಮೆಯಲ್ಲಿ "ಹಾಸು ಒಂದು, ಕಟ್ಟಿಗೆಯ ಕಾಯಿ ಎಂಟು, ಕವಡೆ ಆರು" ಎಂದಿದೆ. ನಾವು ಏಳರಲ್ಲಿ ಆಡುತ್ತಿದ್ದೆವು. ಏಳನೆಯ ಕವಡೆ ಎಲ್ಲಿ ಎಂದು ಮೂರು ದರಖಾಸ್ತುಗಳಲ್ಲೂ ಕೇಳಿದ್ದೇನೆ. ಇರುವೆಗಳು ಕವಡೆ ತಿನ್ನುವುದಿಲ್ಲ. ತಾವು ಪ್ರಾಮಾಣಿಕರೆಂದು ನಾನು ಬಂದವರಿಗೆಲ್ಲ ಹೇಳುತ್ತಲೇ ಇದ್ದೇನೆ. ಹೇಳಿದಷ್ಟೂ ಅವರ ಅನುಮಾನ ಹೆಚ್ಚುತ್ತಿದೆ.

ಆಟ ಮುಗಿಯಲೆಂದೇ ಹಿಂದಿನ ದರಖಾಸ್ತುಗಳಲ್ಲಿ ನಾನು ಬಗೆಬಗೆಯಾಗಿ ಬೇಡಿಕೊಂಡಿದ್ದೆ. ಮೊದಲನೆಯದರಲ್ಲಿ ಪಗಡೆಯನ್ನು ಜಾಮೀನಿನ ಮೇಲೆ ಬಿಡಿ, ನಾವಿಬ್ಬರೂ ಹೊಣೆ ಎಂದೆ. ಎರಡನೆಯದರಲ್ಲಿ, ತಾವೇ ಹಾಸು ತಂದು ನಡುವೆ ಕುಳಿತು, ಗರ ಬಿದ್ದದ್ದನ್ನು ಸರ್ಕಾರಿ ರೀತಿಯಲ್ಲಿ ಎಣಿಸಿ ಆಟ ಮುಗಿಸಿಕೊಡಿ ಎಂದೆ. ಮೂರನೆಯದರಲ್ಲಿ ಇನ್ನೂ ಮುಂದುವರಿದು, ನಮ್ಮ ಪಡಸಾಲೆಯನ್ನೇ ಚೌಕಿಯೆಂದು ಘೋಷಿಸಿ ನಮ್ಮನ್ನು ಇಲ್ಲೇ ಬಂಧನದಲ್ಲಿಡಿ, ಜಪ್ತಿಯಾದ ಮುದ್ದೆಮಾಲು ನಮ್ಮ ನಡುವೆಯೇ ಇರಲಿ ಎಂದಿದ್ದೆ. ಎಲ್ಲವೂ ವಿಚಾರದಲ್ಲಿದ್ದವು.

ಅಷ್ಟರಲ್ಲಿ ಮನೆಯಲ್ಲಿ ಏನಾಯಿತೆಂದು ತಮಗೆ ತಿಳಿಸಲೇಬೇಕು. ತಾವು ಹಾಸು ಮಡಿಚಿಕೊಂಡು ಹೋದ ಮೇಲೆ ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಹನ್ನೊಂದು ವರ್ಷದ ಮೇಲೆ ನನ್ನ ತಂಗಿ ನನ್ನ ಕಡೆ ತಿರುಗಿ ಆಡಿದ ಮೊದಲ ಮಾತು: "ಎರಡು ಬಿದ್ದಿದ್ರ ಸಾಕಿತ್ತು, ನನ್ನ ಕೆಂಪು ಕಾಯಿ ಹಣ್ಣಾಗತಿತ್ತು. ನೆನಪಿಟಗೊ." ನಾನು ಅಂದೆ: "ಎರಡಲ್ಲ, ಮೂರು ಬೇಕಿತ್ತು." ಅಲ್ಲಿಂದ ಶುರುವಾದ ವಾದ ಇವತ್ತಿಗೂ ನಿಂತಿಲ್ಲ. ಬೆಳಿಗ್ಗೆ ಮುಖ ತೊಳೆಯುವಾಗ ಎರಡು, ರೊಟ್ಟಿ ತಟ್ಟುವಾಗ ಎರಡು, ಸಂಜೆ ದೀಪ ಹಚ್ಚುವಾಗ ಮೂರು. ನಡುನಡುವೆ ಬೇರೆ ಮಾತುಗಳೂ ಬರತೊಡಗಿದವು. ತಂದೆಯ ಕೆಮ್ಮು, ತಾಯಿಯ ಸಾರು, ನಾವು ಮಲ್ದಕಲ್ ಗುಡಿಗೆ ನಡೆದು ಹೋಗುವಾಗ ದಾರಿಯಲ್ಲಿ ನಾನು ಅವಳ ಪಾಲಿನ ಪುಟಾಣಿ ಕದ್ದು ತಿಂದದ್ದು, ಎಲ್ಲ. ಈಗ ಅಡುಗೆಮನೆ ಪೂರ್ತಿ ಅವಳ ಕೈಯಲ್ಲಿದೆ. ಉಪ್ಪಿನಕಾಯಿ ಭರಣಿಗಳ ಜಾಗ ಬದಲಾಗಿದೆ, ಮಹಾಂತಮ್ಮನಿಗೆ ಒಂದೂ ಸಿಗುತ್ತಿಲ್ಲ, ಆದರೂ ಅವಳು ಹಾಡಿಕೊಳ್ಳುತ್ತಾ ಓಡಾಡುತ್ತಿದ್ದಾಳೆ.

ಅಮರಮ್ಮನ ಗಂಡ ಭೀಮಣ್ಣನವರ ಪಾಡು ಮಾತ್ರ ನೋಡಲಾಗದು. ಗಟ್ಟುವಿನಲ್ಲಿ ಒಬ್ಬರೇ ರೊಟ್ಟಿ ಸುಟ್ಟುಕೊಂಡು, ವಾರಕ್ಕೊಮ್ಮೆ ಹರಗೋಲಿನಲ್ಲಿ ಹೊಳೆ ದಾಟಿ ಬರುತ್ತಿದ್ದರು. ಬಾಗಿಲಲ್ಲಿ ನಿಂತು, "ಮುಗೀತೇನ್ರಿ ಆಟ? ಅಕೀನ್ನ ಕರಕೊಂಡು ಹೋಗಾಕ ಬಂದೀನಿ" ಎನ್ನುವರು. ಒಳಗಿನಿಂದ ಅವಳು, "ಸರ್ಕಾರದ ಕೈಯಾಗ ಐತಿ, ನಾ ಏನ್ ಮಾಡಲಿ?" ಎನ್ನುವಳು. ಐದನೆಯ ಸಲ ಬಂದಾಗ ತಮ್ಮ ಹಾಸಿಗೆಯನ್ನೂ ಸುತ್ತಿಕೊಂಡು ಬಂದರು. ಅವರು ಆಟಗಾರರಲ್ಲವಾದ್ದರಿಂದ ಹೊಸ್ತಿಲು ದಾಟಬಹುದು, ಆದರೆ ಊಟದ ಹೊತ್ತಿಗೆ ದಾಟಿದ್ದನ್ನು ಯಾರೂ ಕಂಡಿಲ್ಲ.

ಮಾನ್ಯರೇ, ಎಲ್ಲವೂ ಹೀಗೆ ನಡೆದಿರುವಾಗ ನಿನ್ನೆ ಸಾಯಣ್ಣ ಬಂದು ನಗುತ್ತಾ ನಿಂತ. "ಸಾವಕಾರ್ರ, ನಿಮ್ಮ ಮಾಲು ಬಿಡುಗಡಿ ಆಗೇತ್ರಿ. ಖುದ್ದ ಬಂದು ಕಾಗದಕ್ಕ ಅಂಗೂಟಾ ಹಚ್ಚಿ ಒಯ್ಯಬೇಕಾಗಿತ್ತು, ನಿಮಗ ಹೊರಗ ಬರಾಕ ಆಗೂದಿಲ್ಲಂತ ಸಾಹೇಬ್ರಿಗೆ ಹೇಳೀನ್ರಿ. ಸೋಮವಾರ ನಾನ ತಂದು ಕೊಡ್ತೀನಿ." ನಾನು ಅವನಿಗೆ ಎಲೆ ಅಡಿಕೆ ಕೊಟ್ಟು ಕಳಿಸಿದೆ. ಒಳಗೆ ನೋಡಿದರೆ ಅಮರಮ್ಮ ತನ್ನ ಸೀರೆಗಳನ್ನು ಮಡಿಚುತ್ತಿದ್ದಳು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಎರಡೋ ಮೂರೋ ಎಂಬ ಮಾತೇ ಬರಲಿಲ್ಲ.

ನನ್ನ ದೂರು ಇದೇ. ಎಮ್ಮೆಯ ಮಿಸಲು ಹದಿನಾಲ್ಕು ತಿಂಗಳಾದರೂ ಅಲುಗಿಲ್ಲ. ನನ್ನ ಪಗಡೆಯ ಮಿಸಲು ಎರಡೂವರೆ ತಿಂಗಳಲ್ಲಿ ಹೇಗೆ ಮುಗಿಯಿತು? ಯಾರ ಒತ್ತಡಕ್ಕೆ ತಾವು ಕೆಲಸ ಮಾಡಿದಿರಿ? ನನ್ನಂಥ ಬಡಪಾಯಿ ದೂರುದಾರನ ಮೂರು ದರಖಾಸ್ತುಗಳನ್ನು ಒಮ್ಮೆಲೇ ಓದಿಬಿಡುವಷ್ಟು ನಿರ್ದಯತೆ ತಮಗೆಲ್ಲಿಂದ ಬಂತು? ಆದ್ದರಿಂದ ಹಿಂದಿನ ಮೂರನ್ನೂ ಹಿಂತೆಗೆದುಕೊಂಡು ಹೊಸದಾಗಿ ಬೇಡಿಕೊಳ್ಳುತ್ತೇನೆ: ಮಾಲನ್ನು ಮತ್ತೆ ಜಪ್ತಿ ಮಾಡಬೇಕು. ನಮ್ಮ ಪಗಡೆ ದೊಡ್ಡ ಅಪರಾಧವೆಂದು ಕಂಡುಹಿಡಿದು ಮೇಲಿನ ಕಚೇರಿಗೆ ಕಳಿಸಬೇಕು. ಅಲ್ಲಿ ಅದು ಕಳೆದುಹೋಗಬೇಕು. ಹುಡುಕಲು ಒಬ್ಬರನ್ನು ನೇಮಿಸಬೇಕು, ಅವರು ರಜೆಯ ಮೇಲೆ ಹೋಗಬೇಕು. ಇದ್ಯಾವುದೂ ತಮ್ಮ ಇಲಾಖೆಗೆ ಹೊಸ ಕೆಲಸವಲ್ಲ.

ಇನ್ನೊಂದು ಮಾತು. ಆಟ ಮುಗಿದ ಮೇಲೆ ಹೇಳಬೇಕೆಂದು ಇಟ್ಟುಕೊಂಡಿದ್ದೆನಲ್ಲ, ಅದನ್ನು ತಮ್ಮ ಮುಂದೆ ಹೇಳಿಬಿಡುತ್ತೇನೆ. ಅಪರಾಧ ಒಪ್ಪಿಕೊಳ್ಳುವುದು ಪೊಲೀಸರ ಮುಂದೆಯೇ ತಾನೆ. ಹನ್ನೊಂದು ವರ್ಷದ ಹಿಂದೆ ನನ್ನ ತಂಗಿ ಕವಡೆ ತಿರುವಿರಲಿಲ್ಲ. ನಾನು ಸೋತಿದ್ದೆ, ಸೋಲು ಸಹಿಸದೆ ಸುಳ್ಳು ಹೇಳಿದೆ. ಬಂಡಿ ಓಣಿ ದಾಟುವ ಮೊದಲೇ ನನಗೆ ಅದು ಗೊತ್ತಿತ್ತು, ಓಡಿ ಹೋಗಿ ಎತ್ತಿನ ಹಗ್ಗ ಹಿಡಿಯುವುದಕ್ಕೆ ನಾಚಿಕೊಂಡೆ. ಆ ನಾಚಿಕೆಗೆ ಹನ್ನೊಂದು ವರ್ಷ ಹೋದವು. ಇದಕ್ಕೆ ಯಾವ ಕಲಮು ಹಚ್ಚುತ್ತೀರೋ ಹಚ್ಚಿ.

ಹೊಸ್ತಿಲಿನ ಒಳಗಿನಿಂದ, ಇಲ್ಲೇ ಇರಲು ಬಯಸುವ
ತಮ್ಮ ವಿಶ್ವಾಸಿ,
ಆದೆಪ್ಪ

ತಾ.ಕ.: ಇದು ಗೋಡೆಯ ಪ್ರತಿಯಲ್ಲಿಲ್ಲ, ತಮ್ಮ ಪ್ರತಿಯಲ್ಲಿ ಮಾತ್ರ ಇದೆ. ಸಾಯಣ್ಣ, ಬಾಗಿಲು ಮುಂದೆ ಮಾಡಿ ಓದಪ್ಪ. ಪತ್ರ ಬರೆದು ಮುಗಿಸಿ ಮಹಾಂತಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ, ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ. ಸ್ವಲ್ಪ ಹೊತ್ತಿನ ಮೇಲೆ ಅಮರಮ್ಮ ಬಂದು ನನ್ನ ಎದುರಿಗೆ ಕುಳಿತು, ಎಲೆ ಅಡಿಕೆ ಹಾಕಿಕೊಳ್ಳಲು ತನ್ನ ಸಂಚಿ ಬಿಚ್ಚಿದಳು. ಅದರೊಳಗಿಂದ ಏಳನೆಯ ಕವಡೆ ನೆಲಕ್ಕೆ ಬಿತ್ತು. ತಾನಾಗಿ ಬಿತ್ತೋ, ಅವಳೇ ಬೀಳಿಸಿದಳೋ ನನಗೆ ತಿಳಿಯಲಿಲ್ಲ. ತಾವು ಬಂದ ದಿನ ಗಲಾಟೆಯಲ್ಲಿ ಅದನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡವಳು ಅವಳೇ. ಮಹಾಂತಮ್ಮ ಹೌಹಾರಿ ನಿಂತಳು. ಅಮರಮ್ಮ ಅದನ್ನು ಎತ್ತಿ ಮತ್ತೆ ಸಂಚಿಗೆ ಹಾಕಿಕೊಂಡು, "ಇರ್ಲಿ ಬಿಡು ಅತ್ತಿಗಿ. ಸೋಮವಾರ ಅವ್ರು ಆರು ತಂದು ಕೊಡಲಿ. ಆರ್ರಾಗ ನಮ್ಮ ಮನಿ ಆಟ ಮುಗ್ಯಾಂಗಿಲ್ಲ" ಅಂದಳು. ಆದ್ದರಿಂದ ಮಾನ್ಯರೇ, ಹಾಸನ್ನು ತಾವು ಧಾರಾಳವಾಗಿ ಕಳಿಸಬಹುದು. ಏಳನೆಯ ಕವಡೆಯನ್ನು ತಾವೇ ನುಂಗಿದ್ದೀರೆಂದು ಇಡೀ ಪೇಟೆ ನಂಬಿದೆ. ಈ ಅಣ್ಣ ತಂಗಿಯರ ಮೇಲೆ ದಯೆಯಿಟ್ಟು, ಅದನ್ನು ಅಲ್ಲಗಳೆಯಬೇಡಿ.