ಭಾವನವರು ವಾಪಸ್ ಕೊಡಲು ಹೊರಟರೆ

ಉಪಕಾರಕ್ಕೂ ಜಗಳಕ್ಕೆ ಹೊರಟವರಂತೆ ಹೊರಡುವ ಮನುಷ್ಯ ನಮ್ಮ ಭಾವನವರನ್ನು ಬಿಟ್ಟರೆ ಆಸ್ಟ್ರೇಲಿಯಾದಲ್ಲಿ ಇನ್ನೊಬ್ಬರಿದ್ದರೆ ತೋರಿಸಿ. ಧಾರವಾಡದವರು, ಈಗ ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿದ್ದಾರೆ. ಜನ ಮನೆಸಾಮಾನು ತುಂಬಿಟ್ಟು, ರೆಂಟ್ ಕಟ್ಟದೆ ಬಿಟ್ಟುಹೋದ ಬಾಡಿಗೆ ಕೋಣೆಗಳನ್ನು, ಅಂದರೆ ಸ್ಟೋರೇಜ್ ಯೂನಿಟ್‌ಗಳನ್ನು, ಸಾಮಾನಿನ ಸಮೇತ ಹರಾಜಿನಲ್ಲಿ ಹಿಡಿಯುತ್ತಾರೆ. ಸೋಫಾ, ಫ್ರಿಜ್ ಮಾರುತ್ತಾರೆ. ಆದರೆ ಆಲ್ಬಮ್ಮೋ ಪತ್ರವೋ ಸಿಕ್ಕಿತೋ, ಮುಗಿಯಿತು. ಇಂಥದ್ದನ್ನು ಬಿಟ್ಟುಹೋದವರು ಮನುಷ್ಯರೇ ಎಂದು ಕೂಗಾಡುತ್ತಾರೆ. ಮಾಲೀಕರನ್ನು ಹುಡುಕಿ, ವಸ್ತು ಕೊಟ್ಟು, ಜೊತೆಗೆ ಬೈದೂ ಬರುತ್ತಾರೆ.

ಒಮ್ಮೆ ಬಾಕ್ಸ್ ಹಿಲ್‌ನಲ್ಲಿ ಒಬ್ಬನಿಗೆ ಅವನ ಮದುವೆಯ ಆಲ್ಬಮ್ ಕೊಟ್ಟರು. ಬಾಗಿಲಲ್ಲಿ ಪಕ್ಕದಲ್ಲೇ ನಿಂತಿದ್ದವಳು ಆಲ್ಬಮ್‌ನಲ್ಲಿದ್ದ ಹೆಂಡತಿಯಲ್ಲ. ಇಬ್ಬರನ್ನೂ ಹೊರಗೆ ಬಿಟ್ಟು ಅವಳು ಬಾಗಿಲು ಹಾಕಿಕೊಂಡಳಂತೆ. ಅಕ್ಕ ತಲೆ ಚಚ್ಚಿಕೊಂಡರೆ ಇವರು, "ಫೋಟೋ ಮಾತ್ರ ಭಾಳ ಚಲೋ ಬಂದಿದ್ವು" ಎಂದರಂತೆ.

ಕಳೆದ ಬೇಸಿಗೆಯಲ್ಲಿ ಸಿಡ್ನಿಯ ಎಪ್ಪಿಂಗ್‌ಗೆ, ನನ್ನ ಮನೆಗೇ ಬಂದಿಳಿದರು. ಕಾರಿನ ಮುಂದಿನ ಸೀಟಿನಲ್ಲಿ ಅರ್ಧ ಹೆಣೆದ ನೀಲಿ ಸ್ವೆಟರ್, ಕಡ್ಡಿಗಳು ಇನ್ನೂ ಅದರಲ್ಲೇ. ಹತ್ತು ಗಂಟೆಯ ದಾರಿ ಹಾಗೆಯೇ ಮಲಗಿಸಿಕೊಂಡು ತಂದಿದ್ದರು. ಕಡ್ಡಿ ತೆಗೆದು ಮಡಚಿಡಲು ಹೋದ ಅಕ್ಕನಿಗೂ ಮನೆಯಲ್ಲಿ ಮಂಗಳಾರತಿಯಾಗಿತ್ತಂತೆ. ರಜೆಯ ದಿನ ಮಲಗಿದ್ದ ನನ್ನನ್ನು ಎಬ್ಬಿಸಿ ಹಿಂದಿನ ಸೀಟಿಗೆ ತಳ್ಳಿದರು. ನಾನು ಕುದಿಯುತ್ತಿದ್ದೆ. ಅವರು ಸಿಡ್ನಿಯಲ್ಲಿದ್ದಾಳೆಂದು ಪತ್ತೆ ಹಚ್ಚಿದ್ದ ಸ್ವೆಟರಿನ ಮಾಲೀಕಳಿಗೆ ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದರು.

ಬಾಗಿಲು ತೆರೆದದ್ದು ಐವತ್ತು ದಾಟಿದ, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಬಿಳಿಯ ಹೆಂಗಸು. ಭಾವನವರು ಶುರು ಮಾಡಿಯೇಬಿಟ್ಟರು: ಇದನ್ನು ಬಿಟ್ಟುಹೋಗಲು ನಿನಗೆ ಮನಸ್ಸಾದರೂ ಹೇಗೆ ಬಂತು? ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. ಕ್ಯಾನ್ಸರ್ ಚಿಕಿತ್ಸೆಗೆಂದು ಮೆಲ್ಬರ್ನ್ ಬಿಟ್ಟು ತಂಗಿಯ ಮನೆಗೆ ಬಂದವಳು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಳಂತೆ. ನೋಟಿಸುಗಳೆಲ್ಲ ಹಳೆಯ ವಿಳಾಸಕ್ಕೆ ಹೋಗಿದ್ದವು. ಎದ್ದು ಕೂತು ಫೋನ್ ಮಾಡುವಷ್ಟರಲ್ಲಿ ಎಲ್ಲ ಹರಾಜಾಗಿತ್ತು. ಸ್ವೆಟರ್ ಅವಳ ಅಮ್ಮ ಅವಳಿಗಾಗಿ ಹೆಣೆಯುತ್ತಿದ್ದದ್ದು. ಒಂದು ತೋಳು ಮುಗಿದಿತ್ತು, ಇನ್ನೊಂದು ಅರ್ಧಕ್ಕೆ ಬಂದಾಗ ಅಮ್ಮ ತೀರಿಕೊಂಡಿದ್ದರು.

ಭಾವನವರ ಇಂಗ್ಲಿಷ್ ಅಲ್ಲಿಗೆ ಖಾಲಿಯಾಯಿತು; ಸ್ವೆಟರನ್ನು ಅವಳ ಕೈಗಿಟ್ಟರು.

ಆ ಸುಡುಬಿಸಿಲಿನಲ್ಲಿ ಅವಳು ಮುಗಿದಿದ್ದ ತೋಳಿನೊಳಗೆ ಕೈ ತೂರಿಸತೊಡಗಿದಳು. ಕಡ್ಡಿಗಳು ಜಾರಿದವು. ಭಾವನವರು ಚಂಗನೆ ಮುಂದೆ ಬಂದು, ಅವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸಾವಕಾಶ, ತಂಗಿ. ಒಂದೂ ಎಳಿ ಬಿಚ್ಚೂದು ಬ್ಯಾಡ" ಎಂದರು, ಕನ್ನಡದಲ್ಲೇ.

ಅವಳು ಅರ್ಥವಾದವಳಂತೆ ತಲೆಯಾಡಿಸಿದಳು. ಕೈ ಪೂರ್ತಿ ತೋಳಿನೊಳಗೆ ಇಳಿಯುವವರೆಗೂ ಭಾವನವರು ಅಲುಗಾಡದೆ ನಿಂತಿದ್ದರು.