ಶಿವಶಂಕರನ ಏಕಾಂತವಾಸವೂ ಗೋಮಾಳದ ಪಂಚಾಯ್ತಿಯೂ

“ಒಂದು ವಾರ ನಾನು, ನನ್ನ ಕಾರು, ನನ್ನ ಲ್ಯಾಪ್‌ಟಾಪ್! ನಾಕನೇದವರು ಯಾರೂ ಇರಂಗಿಲ್ಲ!”

ಹಗರಿಬೊಮ್ಮನಹಳ್ಳಿಯ ಶಿವಶಂಕರ ಅಡುಗೆಮನೆ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದಾಗ ಅವನ ಮುಖದಲ್ಲಿ ದಂಡಯಾತ್ರೆಗೆ ಹೊರಟ ಚಕ್ರವರ್ತಿಯ ಕಳೆಯಿತ್ತು. ಕೈಯಲ್ಲಿ ಖಡ್ಗದ ಬದಲು ಚಾರ್ಜರ್ ಇತ್ತು, ಅಷ್ಟೇ ವ್ಯತ್ಯಾಸ! ಯಾವುದೋ ದೇಶದ ಗಡ್ಡದವನೊಬ್ಬ ಸರಕಾರಿ ಕಾಡು ಬೆಟ್ಟಗಳಲ್ಲಿ ಕಾರು ನಿಲ್ಲಿಸಿಕೊಂಡು, ಕಾರಲ್ಲೇ ಮಲಗಿ, ಬಂಡೆಯ ಮೇಲೆ ಕುಳಿತು ಆಫೀಸು ಕೆಲಸ ಮಾಡುವ ವಿಡಿಯೊಗಳನ್ನು ನೋಡಿ ನೋಡಿ ಇವನ ತಲೆ ಪೂರ್ತಿ ಕೆಟ್ಟಿತ್ತು.

“ಸ್ನಾನ ಎಲ್ಲಿ ಮಾಡ್ತೀರಿ?” ಹೆಂಡತಿ ಅರ್ಚನಾ ಕೇಳಿದಳು.

“ಕೆರಿಯಾಗ!”

“ಮತ್ತ… ಅದಕ್ಕ?”

“ನಿಸರ್ಗ ಐತಲ್ಲ!”

“ಕೂಡ್ಲಿಗಿ ಕಡಿ ಕರಡಿ ಅದಾವಂತ್ರಿ.”

“ಬರ್ಲಿ! ಗಾಜು ಏರಿಸ್ತೀನಿ!”

ಅರ್ಚನಾ ಕಣ್ಣುಮುಚ್ಚಿ ತೆರೆಯುವುದರೊಳಗೆ ಬ್ಯಾಗು ತುಂಬಿ ತಂದು ಕಾರಿನಲ್ಲಿಟ್ಟು, “ವಾರ ಸಾಕಾಗ್ತೈತೇನ್ರಿ? ಬೇಕಾದ್ರ ಹದಿನೈದು ದಿನ ಮಾಡ್ರಿ” ಎಂದಳು. ಪುಣ್ಯಾತ್ಮ ಅದನ್ನು ಪ್ರೀತಿ ಎಂದುಕೊಂಡ!

ಇದು ಬರೀ ಶೋಕಿಯ ಯಾತ್ರೆಯಲ್ಲ, ಹಿಂದೆ ಹೊಟ್ಟೆಪಾಡಿನ ಪ್ರಶ್ನೆಯೂ ಇತ್ತು. ಹೊಸಪೇಟೆಯ ಬಿಲ್ಲಿಂಗ್ ಕಂಪನಿಯೊಂದರ ಕೆಲಸವನ್ನು ಶಿವಶಂಕರ ಕೊರೊನಾ ಕಾಲದಿಂದ ತನ್ನ ಬೆಡ್‌ರೂಮಿನಲ್ಲೇ ಕುಳಿತು ಮಾಡುತ್ತಿದ್ದ. ಮೇಲೆ ಶರ್ಟು, ಕೆಳಗೆ ಲುಂಗಿ! ಈಗ ಎಲ್ಲರೂ ಆಫೀಸಿಗೆ ಬರಬೇಕೆಂಬ ಆಜ್ಞೆ ಹೊರಟಿತ್ತು. ಇವನು ಗೋಗರೆದಿದ್ದಕ್ಕೆ ಮ್ಯಾನೇಜರ್ ಶಾಂತಕುಮಾರಿ ಮೇಡಂ ಒಂದೇ ಒಂದು ಅವಕಾಶ ಕೊಟ್ಟಿದ್ದರು: “ಶುಕ್ರವಾರದ ಮೀಟಿಂಗಿನಾಗ, ಎಲ್ಲಿದ್ರೂ ಕೆಲಸ ನಡೀತೈತಿ ಅಂತ ತೋರಿಸ್ರಿ. ಒಪ್ಪಿಗಿ ಆದ್ರ ಮನಿಯಾಗೇ ಇರ್ರಿ. ಇಲ್ಲಾಂದ್ರ ಸೋಮವಾರ ಬಸ್ಸು ಹತ್ರಿ.” ಬಂಡೆಯ ಮೇಲಿಂದಲೇ ಕೆಲಸ ಮಾಡಿ ತೋರಿಸಿದರೆ ಬೆಡ್‌ರೂಮು ಯಾವ ಲೆಕ್ಕ? ಲುಂಗಿ ಶಾಶ್ವತ! ಇದು ಶಿವಶಂಕರನ ಮಹಾ ತಂತ್ರ.

ಮೊದಲ ಬಿಡಾರ ಕೊಟ್ಟೂರಿನ ಹೊರಗೆ, ಕೆರೆ ದಂಡೆಯ ಬೇವಿನ ಮರದಡಿ. ಮಡಚುವ ಕುರ್ಚಿ ಬಿಚ್ಚಿ, ಕಾಲು ಚಾಚಿ, “ಆಹಾ, ಏಕಾಂತ!” ಎನ್ನುವಷ್ಟರಲ್ಲಿ ಬೈಕೊಂದು ಬಂದು ನಿಂತಿತು. ಚಿಕ್ಕಪ್ಪನ ಮಗ ಕಾಂತೇಶ್!

“ಯಣ್ಣಾ, ನೀ ಏನು ಇಲ್ಲಿ?”

“ಕ್ಯಾಂಪಿಂಗು.”

“ಅಂದ್ರ?”

“ಒಬ್ಬನ ಇರೋದು.”

“ಯಾಕ? ಮನಿಯಾಗ ಏನಾತು?”

“ಏನೂ ಆಗಿಲ್ಲೋ!”

“ಏನೂ ಆಗಿಲ್ಲಾಂದ್ರ ನಡಿ ನಮ್ಮ ಮನಿಗೆ. ಬಿಸಿ ರೊಟ್ಟಿ, ಪುಂಡಿಪಲ್ಯ ಐತಿ.”

“ಬ್ಯಾಡ. ನಾ ಇಲ್ಲೇ ಕಾರಿನಾಗ ಮಲಗ್ತೀನಿ.”

ಕೆಟ್ಟದ್ದು ಇಲ್ಲೇ ನೋಡಿ! ಆ ಗಡ್ಡದವನ ದೇಶದಲ್ಲಿ ಹೇಗೋ ಏನೋ, ನಮ್ಮ ಕಡೆ ಊರ ಬಾಗಿಲಿಗೆ ಬಂದು ನೆಂಟರ ಮನೆಯ ರೊಟ್ಟಿ ಒಲ್ಲೆ ಅನ್ನುವವನಿಗೆ ಎರಡೇ ಕಾರಣ. ನೆಂಟರ ಮೇಲೆ ಸಿಟ್ಟಿರಬೇಕು, ಇಲ್ಲವೇ ಹೆಂಡತಿಯ ಜೊತೆ ಜಗಳವಾಗಿರಬೇಕು. ಅಣ್ಣನಿಗೆ ತನ್ನ ಮೇಲೆ ಸಿಟ್ಟಿಲ್ಲವೆಂದು ಕಾಂತೇಶನಿಗೆ ಚೆನ್ನಾಗಿ ಗೊತ್ತಿತ್ತು. ಕಾರಿನ ಬಾಗಿಲಿಂದ ಹೊರಚಾಚಿದ ಶಿವಶಂಕರನ ಪಾದಗಳ ಫೋಟೊ ಅಂದು ಸಂಜೆಯೇ ಬಂಧುಗಳ ವಾಟ್ಸಾಪ್ ಗುಂಪಿಗೆ ಬಿತ್ತು. ಕೆಳಗೆ ಅಳುವ ಮುಖಗಳ ಸಾಲು!

ಮರುದಿನ ಹರಪನಹಳ್ಳಿ ಕಡೆಯ ತೋಪಿನಲ್ಲಿ ಅವನು ಸ್ಟವ್ ಹಚ್ಚುವ ಮೊದಲೇ ಸೋದರತ್ತೆ ಕೊಟ್ರಬಸಮ್ಮ ಬುತ್ತಿಗಂಟು ಹಿಡಿದು ಆಟೊದಿಂದಿಳಿದಳು. ಇಳಿದವಳೇ ಸೆರಗಿಗೆ ಮೂಗು ಒರೆಸಿಕೊಂಡಳು.

“ಎಂಥಾ ಗತಿ ಬಂತಪ್ಪಾ ನಿಂಗೆ! ಮನೆಯಿಂದ ಹೊರಗೆ ಹಾಕಿದ್ಲಾ?”

“ಇಲ್ಲತ್ತಿ, ನಾನ ಬಂದೀನಿ!”

“ಗಂಡಸ್ರು ಹಂಗೇ ಹೇಳಾದು. ಮೊದ್ಲು ಉಣ್ಣು.”

ಉಂಡ. ಬಿಟ್ಟರೆ ತಾನೇ! ಹಡಗಲಿ ದಾಟಿ ತುಂಗಭದ್ರೆಯ ದಂಡೆ ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ನೀರಿಗಿಳಿದು ಈಜುತ್ತಿತ್ತು. ಡೈವೋರ್ಸ್ ಅಂತೆ! ಎರಡನೆಯವಳೂ ಇದ್ದಾಳಂತೆ! ದೂರದ ನೆಂಟರೊಬ್ಬರು ಡಿಕ್ಕಿ ತೆಗೆಸಿಯೇ ನೋಡಿದರು. ಒಳಗೆ ಸ್ಟವ್ ಮತ್ತು ಈರುಳ್ಳಿ ಮಾತ್ರ ಇದ್ದದ್ದು ಕಂಡು ಅವರಿಗೆ ಬಹಳ ನಿರಾಶೆಯಾಯಿತು.

ಶಿವಶಂಕರ ಗಂಟುಮೂಟೆ ಕಟ್ಟಿದ. ತನ್ನ ಊರನ್ನೇ ಕಳ್ಳನಂತೆ ದಾಟಿ ಕೂಡ್ಲಿಗಿ ಆಚೆಯ ಒಂದು ಗೋಮಾಳ ಹಿಡಿದ. ಸುತ್ತ ಕಲ್ಲುಗುಡ್ಡ, ದೂರದಲ್ಲಿ ಕುರಿಮಂದೆ, ಮೊಬೈಲಿನಲ್ಲಿ ಭರ್ತಿ ಸಿಗ್ನಲ್. ಒಬ್ಬ ನೆಂಟನೂ ಇಲ್ಲ! ಶುಕ್ರವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಬಾನೆಟ್ಟಿನ ಮೇಲಿಟ್ಟು ಮೀಟಿಂಗು ತೆರೆದ.

“ಹಿಂದಿನ ಗುಡ್ಡ ಭಾಳ ಚಂದ ಐತ್ರಿ” ಎಂದರು ಶಾಂತಕುಮಾರಿ ಮೇಡಂ.

“ಅದನ್ನ ಹೇಳಾಕ ಬಂದೆ ಮೇಡಂ! ಇಲ್ಲಿ ಸಂಪೂರ್ಣ ಶಾಂತಿ, ಯಾರ ಕಾಟಾನೂ—”

ಧೂಳೆಬ್ಬಿಸಿಕೊಂಡು ಟೆಂಪೊ ಬಂತು! ಕುರಿ ಕಾಯುವವನ ಬಾಯಿಂದ ಸುದ್ದಿ ಆಗಲೇ ಊರು ಮುಟ್ಟಿತ್ತು. ಕರಡಿ ಬಂದಿದ್ದರೆ ಗಾಜು ಏರಿಸಬಹುದಿತ್ತು. ಬಂದವರು ಹೆಂಡತಿಯ ಸೋದರಮಾವ ಹಾಲೇಶಪ್ಪ, ಜೊತೆಗೆ ರುಮಾಲು ಸುತ್ತಿದ ಹಿರಿಯರ ದಂಡು! ಗಂಡಹೆಂಡಿರ ತಂಟೆ ಬಗೆಹರಿಸುವುದರಲ್ಲಿ ಹಾಲೇಶಪ್ಪನವರನ್ನು ಮೀರಿಸಿದವರು ಸುತ್ತಮುತ್ತ ಇರಲಿಲ್ಲ. ಅವರ ಕಂಕುಳಲ್ಲಿ ಸುತ್ತಿದ ಜಮಖಾನವಿತ್ತು. ಅದನ್ನೊಮ್ಮೆ ಹಾಸಿ ಕೂತರೆ ತೀರ್ಮಾನ ಆಗದೆ ಯಾರೂ ಏಳುವಂತಿಲ್ಲ. ಕೊನೆಗೆ ಇಳಿದವಳು ಅರ್ಚನಾ, ಸೀರೆಯ ತುಂಬ ಹೊಲಿಗೆ ದಾರದ ತುಂಡುಗಳು.

“ಮಾವ, ಮೀಟಿಂಗ್ ನಡದೈತಿ!”

“ನಾವೂ ಅದಕ್ಕ ಬಂದೀವಿ” ಎಂದು ಹಾಲೇಶಪ್ಪ ಕಾರಿನ ಮುಂದೆಯೇ ಜಮಖಾನ ಹಾಸಿದರು. “ಅದರಾಗ ಕುಂತ ಹೆಣ್ಮಗಳು ಯಾರು?”

ಹಿರಿಯರೆಲ್ಲ ಕತ್ತು ಉದ್ದ ಮಾಡಿದರು.

“ಇವರ ಮ್ಯಾನೇಜರ್ ಮೇಡಂ, ಮಾವ” ಎಂದಳು ಅರ್ಚನಾ.

“ಚಲೋ ಆತು. ಅವರೂ ಕುಂದ್ರಲಿ. ಹೊರಗಿನವರು ಒಬ್ಬರು ಇರ್ಬೇಕು.”

ಶಿವಶಂಕರ ಮುಚ್ಚಲು ಕೈ ಹಾಕುವುದರೊಳಗೆ ಲ್ಯಾಪ್‌ಟಾಪು ಬಾನೆಟ್ಟಿನಿಂದಿಳಿದು ಜಮಖಾನದ ಮೇಲೆ, ಇಬ್ಬರು ಹಿರಿಯರ ನಡುವೆ ಆಸೀನವಾಯಿತು. ಮೇಡಂ ಪರದೆಯಲ್ಲೇ ಕೈ ಮುಗಿದರು.

“ಹೇಳವ್ವಾ ಅರ್ಚನಾ, ಏನು ತಕರಾರು?”

“ತಕರಾರು ಇರ್ಲಿಲ್ಲ ಮಾವ.”

“ನೋಡ್ರಿ! ನೋಡ್ರಿ!” ಶಿವಶಂಕರ ಕುಣಿದ.

“ಇರ್ಲಿಲ್ಲ ಅಂದೆ. ಇವರು ಮನಿ ಬಿಟ್ಟು ಹೋದ ಮ್ಯಾಲ ಗೊತ್ತಾತು, ಐತಿ ಅಂತ.” ಅರ್ಚನಾ ಉಸಿರು ಎಳೆದುಕೊಂಡಳು. “ಈ ವಾರ ಹೊಲಿಗಿ ಮಷೀನು ನನಗ ಬೇಕಾದಾಗ ತುಳಿದೀನಿ. ಮಿಕ್ಸಿ ಹಾಕಿದ್ರ ಶ್ಶ್ ಅನ್ನೋರಿಲ್ಲ. ಕುಕ್ಕರ್ ಸೀಟಿ ಹೊಡದ್ರ ಓಡಿ ಬಂದು ಗ್ಯಾಸ್ ಆರಿಸೋರಿಲ್ಲ. ಇಷ್ಟು ವರ್ಷ ನನ್ನ ಸೀರಿ ತಗೊಳ್ಳಾಕ ನನ್ನ ರೂಮಿಗೇ ಅಂಬೆಗಾಲು ಇಟ್ಕೊಂಡು ಹೋಗೀನಿ ಮಾವ, ಇವರ ಕ್ಯಾಮೆರಾದಾಗ ಬೀಳಬಾರದು ಅಂತ! ನನ್ನ ಮನಿಯಾಗ ನಾನ ಕಳ್ಳಿ ಹಂಗ ಓಡಾಡೀನಿ.”

ಶಿವಶಂಕರನಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಅವಳು ಅಂಬೆಗಾಲಿಡುವುದನ್ನು ಅವನು ನೋಡಿದ್ದ, “ಇನ್ನೂ ಬಗ್ಗು” ಅಂತ ಕೈಸನ್ನೆಯನ್ನೂ ಮಾಡಿದ್ದ!

ಪರದೆಯಲ್ಲಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮ ಯಜಮಾನ್ರೂ ಮನಿಯಿಂದನ ಕೆಲಸ ಮಾಡ್ತಾರವ್ವ. ನಾನು ದಿನಾ ಆಫೀಸಿಗೆ ಯಾಕ ಓಡಿ ಬರ್ತೀನಿ ಅಂತ ತಿಳಕೊಂಡಿ?”

ಹಾಲೇಶಪ್ಪ ಮೀಸೆ ನೇವರಿಸಿದರು. “ಮೇಡಮ್ಮಾರ, ನಿಮ್ಮ ಆಫೀಸಿನಾಗ ಇವನಿಗೊಂದು ಕುರ್ಚಿ ಐತೇನ್ರಿ?”

“ಐತ್ರಿ ಯಜಮಾನ್ರ. ಫ್ಯಾನಿನ ಕೆಳಗನ ಐತಿ.”

“ಆತು ಹಂಗಾರ. ಸೋಮವಾರ ಬರ್ತಾನ.”

“ಮೇಡಂ! ನನ್ನ ಪ್ರೆಸೆಂಟೇಶನ್!” ಶಿವಶಂಕರ ಹುಯ್ಲಿಟ್ಟ.

“ಮುಗೀತಲ್ರಿ ಶಿವಶಂಕರ. ನೀವು ಎಲ್ಲಿದ್ರೂ ನಿಮ್ಮ ಕೆಲಸ ನಡೀತೈತಿ, ಒಪ್ಪಿದೆ. ನೀವು ಇದ್ದಲ್ಲಿ ಉಳಿದವರ ಕೆಲಸ ನಡೆಯಂಗಿಲ್ಲ!”

ಹಿರಿಯರು ತಲೆದೂಗಿದರು. ಜಮಖಾನ ಕೊಡವಿ ಸುತ್ತುವಾಗ, ಪೂರ್ತಿ ಹೆಂಡತಿಯ ಕಡೆ ತೀರ್ಪಾಯಿತಲ್ಲ ಎಂದು ಹಾಲೇಶಪ್ಪನವರಿಗೂ ಒಂಚೂರು ಕರುಳು ಚುರುಕ್ ಎಂದಿರಬೇಕು.

“ಪಾಪ, ದಿನಾ ಹೊಸಪೇಟಿ ಅಂದ್ರ ದೂರ ಆತವ್ವ. ಇವನ ಮಧ್ಯಾಹ್ನದ ಊಟಕ್ಕ ಏನು ಮಾಡ್ತಿ?”

“ಡಬ್ಬಿ ಕಟ್ಟಿ ಕೊಡ್ತೀನಿ ಮಾವ” ಎಂದಳು ಅರ್ಚನಾ. “ರಾತ್ರಿದೂ ಸೇರಿಸಿ!”